ಮನೆಮಂದಿಯೆಲ್ಲ ಸೇರಿ ಕದ್ದ ಬಿಳಿ ಪಟ್ಟಿ

ಗಿಟಾರನ್ನು ಅಂಗಡಿಯಲ್ಲಿ ಕೊಳ್ಳುವವರು ಕೊಳ್ಳಲಿ, ನನ್ನ ಮಗಳಿಗೆ ನಾನು ಕೈಯಾರೆ ಮಾಡಿಯೇ ಕೊಡುತ್ತೇನೆ ಎಂದು ಊಟದ ಮೇಜಿನ ಮುಂದೆ ಎದ್ದು ನಿಂತು ಘೋಷಿಸಿದೆ. ಕೂತೇ ಹೇಳಬಹುದಿತ್ತು. ಆದರೆ ಎದುರಿಗೆ ಭಾವ ಕೂತಿದ್ದರು. ಭಾವ ಎಂದರೆ ನನ್ನ ಹೆಂಡತಿಯ ಅಣ್ಣ, ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುವವರು. ಶನಿವಾರ ಶಾಲೆಯ ಕಾರ್ಯಕ್ರಮದಲ್ಲಿ ನುಡಿಸಲು ಮಗಳಿಗೆ ತಮ್ಮ ಎಲೆಕ್ಟ್ರಿಕ್ ಗಿಟಾರನ್ನೇ ಕೊಡುತ್ತೇನೆಂದು ಆಗಷ್ಟೇ ಹೇಳಿದ್ದರು. ಮಾಮನ ಗಿಟಾರ್ ಹಿಡಿದು ನನ್ನ ಮಗಳು ವೇದಿಕೆ ಹತ್ತುವುದೇ? ಅಪ್ಪ ಅನ್ನಿಸಿಕೊಂಡ ಪ್ರಾಣಿ ಕೆಳಗೆ ಕೂತು ಚಪ್ಪಾಳೆ ತಟ್ಟುವುದೇ? ಸಾಧ್ಯವೇ ಇಲ್ಲ!

"ಮರ, ತಂತಿ, ಸ್ಕ್ರೂ ಎಲ್ಲಾ ಒಂದೇ ಡಬ್ಬದಲ್ಲಿ ಬರುತ್ತೆ. ಜೋಡಿಸಿದ್ರೆ ಆಯ್ತು" ಅಂದೆ.

"ನಮ್ಮ ಮಂಚಾನೂ ಹಾಗೇ ಬಂದಿತ್ತು" ಅಂದಳು ಹೆಂಡತಿ.

ಆ ಮಂಚದ ಮೇಲೆ ನಾವು ಇಂದಿಗೂ ಗೋಡೆಯ ಕಡೆಗೆ ಉರುಳಿಕೊಂಡೇ ಮಲಗುತ್ತೇವೆ, ನಿಜ. ಆದರೆ ಅದನ್ನು ಭಾವನ ಎದುರಿಗೆ ಎತ್ತುವ ಅಗತ್ಯವಿತ್ತೇ? ಮಗಳು ಮಾತ್ರ ನನ್ನನ್ನೇ ನೋಡುತ್ತಾ, ಶನಿವಾರದೊಳಗೆ ನಿಜವಾಗಲೂ ಆಗುತ್ತದೆಯೇ ಎಂದು ಕೇಳಿದಳು. ಆಗದಿದ್ದರೆ ಮಾಮನ ಗಿಟಾರನ್ನು ನಾನೇ ಹೊತ್ತು ತಂದು ಅವಳ ಕೈಗೆ ಕೊಡುವುದಾಗಿ ಎಲ್ಲರೆದುರು ಮಾತು ಕೊಟ್ಟೆ. ಭಾವ ಮುಗುಳ್ನಕ್ಕರು. ಆ ನಗೆಯನ್ನು ನಾನು ಮನಸ್ಸಿನಲ್ಲೇ ಬರೆದಿಟ್ಟುಕೊಂಡೆ.

ನನ್ನ ಕೆಲಸ ಹೇಳಿಬಿಡುತ್ತೇನೆ. ವಿಮಾ ಕಚೇರಿಯಲ್ಲಿ, ಪರಿಹಾರ ಕೇಳಿಕೊಂಡು ಬಂದವರ ಮಾತು ಎಷ್ಟು ನಿಜ ಎಂದು ಕೆದಕುವವನು ನಾನು. ಬೆಂಕಿ ಬಿತ್ತು ಎಂದರೆ ಕಡ್ಡಿ ಗೀರಿದವರು ಯಾರು ಎನ್ನುತ್ತೇನೆ. ಕಾಲು ಮುರಿಯಿತು ಎಂದರೆ ಯಾವ ಕಾಲು, ಮುಂಚೆಯೇ ಕುಂಟುತ್ತಿದ್ದರೇ ಎನ್ನುತ್ತೇನೆ. ಅನುಮಾನವೇ ನನ್ನ ಅನ್ನ. ಸಂಜೆ ಮನೆಗೆ ಬಂದ ತಕ್ಷಣ ಅದನ್ನು ಅಂಗಿಯ ಜೊತೆ ಕಳಚಿಡುವುದು ನನ್ನಿಂದಾಗದು.

ಡಬ್ಬ ಬಂದಾಗಲೇ ನನ್ನ ಮೂಗು ಚುರುಕಾಯಿತು. ಒಂದು ಮೂಲೆಯ ಟೇಪು ಎದ್ದಿತ್ತು! ತಂದುಕೊಟ್ಟಾಗಲೇ ಹಾಗಿತ್ತು ಎಂದು ಹೆಂಡತಿ ಹೇಳಿದಳು. ತಪ್ಪು ಮಾಡಿದವರು ಮೊದಲು ಹೇಳುವ ಮಾತೇ ಅದು.

ಇಸ್ತ್ರಿ ಮಾಡುವ ಸಣ್ಣ ಕೋಣೆಯನ್ನು ಕಾರ್ಖಾನೆ ಮಾಡಿಕೊಂಡು ಬಾಗಿಲು ಹಾಕಿಕೊಂಡೆ. ಗಿಟಾರಿನ ಹೊಟ್ಟೆಗೆ ಬಣ್ಣ ಬಳಿದೆ. ಬಣ್ಣ ಗಿಟಾರಿಗೆ ಒಂದು ಕೋಟು, ಇಸ್ತ್ರಿ ಮೇಜಿಗೆ ಎರಡು ಕೋಟು ಬಿತ್ತು. ಆಮೇಲೆ ಕತ್ತು. ಹೊಟ್ಟೆಯಲ್ಲಿ ಕೊರೆದ ಗೂಡಿನೊಳಗೆ ಅದನ್ನು ಕೂರಿಸಿದರೆ ಅಲ್ಲಾಡಿತು. ಅದಕ್ಕೆಲ್ಲ ಹೆದರುವವನೇ ನಾನು? ಕೈಗೆ ಸಿಕ್ಕಿದ ಚೂರೊಂದನ್ನು ಸಂದಿಗೆ ತುರುಕಿ, ಹಲ್ಲು ಕಚ್ಚಿ ಸ್ಕ್ರೂ ಬಿಗಿದೆ. ಅಲ್ಲಾಡುವುದು ನಿಂತಿತು. ಎಂಜಿನಿಯರುಗಳು ಸುಮ್ಮನೆ ವರ್ಷಗಟ್ಟಲೆ ಓದುತ್ತಾರೆ ಅನ್ನಿಸಿತು.

ತಂತಿ ಕಟ್ಟುವ ಹೊತ್ತಿಗೆ ಅಪರಾಧ ಬೆಳಕಿಗೆ ಬಂತು. ಕತ್ತಿನ ತುದಿಯಲ್ಲಿ ಬೆರಳುದ್ದದ ಬಿಳಿ ಪಟ್ಟಿಯೊಂದು ಕೂರಬೇಕು. ಅದರಲ್ಲಿರುವ ಆರು ಗೀರುಗಳಲ್ಲಿ ಆರು ತಂತಿಗಳು ಕೂರಬೇಕು. ಡಬ್ಬದ ಮೇಲಿನ ಚಿತ್ರದಲ್ಲಿ ಪಟ್ಟಿ ಇತ್ತು. ಡಬ್ಬದೊಳಗೆ ಇರಲಿಲ್ಲ! ಬಂದ ದಿನ ಅದು ಇದ್ದದ್ದನ್ನು ನಾನೇ ಕಣ್ಣಾರೆ ಕಂಡಿದ್ದೆ.

ವಿಚಾರಣೆ ಶುರುವಾಯಿತು. ಕೋಣೆಗೆ ಬಂದಿದ್ದು ಇಸ್ತ್ರಿಪೆಟ್ಟಿಗೆ ತೆಗೆದುಕೊಳ್ಳಲು ಮಾತ್ರ ಎಂದು ಹೆಂಡತಿ ಸಾಧಿಸಿದಳು. ಮಗಳು ತಾನು ಬಾಗಿಲು ಕೂಡ ದಾಟಿಲ್ಲ ಎಂದಳು. ನಮ್ಮ ಜೊತೆಗೇ ಇರುವ ಅತ್ತೆಗೆ ಕಿವಿ ಸ್ವಲ್ಪ ಮಂದ, ಹಾಗಾಗಿ ಪ್ರಶ್ನೆಯನ್ನು ಕೂಗಿ ಕೇಳಬೇಕಾಯಿತು.

"ಬಿಳೀದಾ? ನನ್ನ ಹಲ್ಲಿನ ಸೆಟ್ಟು ಬಿಟ್ರೆ ಬಿಳೀದೇನೂ ಮುಟ್ಟಿಲ್ಲಪ್ಪ ನಾನು. ಬೇಕಿದ್ರೆ ಅದನ್ನೇ ತಗೊಂಡು ನೋಡು" ಅಂದರು ಅತ್ತೆ.

ಮೂವರೂ ಹೀಗೆ ಒಂದೇ ಸ್ವರದಲ್ಲಿ ನಿರಾಕರಿಸಿದರೆ ನಮ್ಮ ಕಚೇರಿಯಲ್ಲಿ ಅದಕ್ಕೆ ಒಳಸಂಚು ಎನ್ನುತ್ತೇವೆ. ಸರಿ, ನಾನೂ ಕಡಿಮೆಯವನಲ್ಲ. ಹೆಂಡತಿಯ ಬಾಚಣಿಗೆಯಿಂದ ಒಂದು ತುಂಡು ಕತ್ತರಿಸಿ ಪಟ್ಟಿಯ ಜಾಗಕ್ಕೆ ಅಂಟಿಸಿದೆ. ತಂತಿಗಳು ಅದರ ಹಲ್ಲುಗಳ ನಡುವೆ ಅಚ್ಚುಕಟ್ಟಾಗಿ ಕೂತವು. ಮರುದಿನ ಬೆಳಿಗ್ಗೆ ಬಾಚಣಿಗೆ ಎಲ್ಲಿ ಎಂದು ಅವಳು ಮನೆಯೆಲ್ಲ ಹುಡುಕಿದಳು. ಮನೆಯಲ್ಲಿ ವಸ್ತುಗಳು ಕಾಣೆಯಾಗುತ್ತಿರುವುದನ್ನು ನಾನು ಆಗಲೇ ಹೇಳಲಿಲ್ಲವೇ ಎಂದೆ. ಅವಳು ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. ಅಂದಿನಿಂದ ಮನೆಯಲ್ಲಿ ಅನುಮಾನ ಎರಡೂ ಕಡೆಯಿಂದ ಓಡಾಡತೊಡಗಿತು.

ಶುಕ್ರವಾರ ಸಂಜೆ ಭಾವ ಬಂದರು. ಒಂದು ಕೈಯಲ್ಲಿ ನಮಗಾಗಿ ತಂದ ಆಂಪ್ಲಿಫೈಯರ್. ಇನ್ನೊಂದು ಕೈಯಲ್ಲಿ ಕರಿಯ ಚೀಲದಲ್ಲಿ ಅವರ ಗಿಟಾರ್!

"ಸುಮ್ನೆ, ಜೊತೇಲಿರ್ಲಿ ಅಂತ ತಂದೆ" ಅಂದರು.

ಯಾರೂ ಏನನ್ನೂ ಸುಮ್ಮನೆ ತರುವುದಿಲ್ಲ. ನನ್ನ ತಲೆಯಲ್ಲಿ ಎಲ್ಲವೂ ಜೋಡಣೆಯಾಗಿಬಿಟ್ಟಿತು. ಪಟ್ಟಿ ಕಾಣೆಯಾದರೆ ಲಾಭ ಯಾರಿಗೆ? ಭಾವನಿಗೆ. ಮನೆಯೊಳಗೆ ಭಾವನಿಗೆ ಬೇಕಾದವರು ಯಾರು? ತಂಗಿ. ಇವರಿಬ್ಬರಿಗೂ ಬುದ್ಧಿ ಹೇಳಿಕೊಡುವವರು ಯಾರು? ಹೆತ್ತ ತಾಯಿ!

ಮುಖದಲ್ಲಿ ಏನೂ ತೋರಿಸದೆ ಕೋಣೆ ಸೇರಿದೆ. ಅಲ್ಲಿದ್ದ ಪ್ಲಗ್ ಪಾಯಿಂಟುಗಳನ್ನು ವೈರುಗಳಿಗೆ ಬೆಸುಗೆ ಹಾಕುವ ಕಡ್ಡಿಯೂ ಹೊಗೆ ಓಡಿಸುವ ಫ್ಯಾನೂ ಹಿಡಿದುಕೊಂಡಿದ್ದವು. ಹಾಗಾಗಿ ಆಂಪ್ಲಿಫೈಯರನ್ನು ಹಾಲ್‌ನಲ್ಲೇ ಇರಿಸಿ, ಉದ್ದನೆಯ ಕೇಬಲನ್ನು ಬಾಗಿಲ ಸಂದಿಯಿಂದ ಒಳಗೆಳೆದು ಗಿಟಾರಿಗೆ ಸಿಕ್ಕಿಸಿಕೊಂಡೆ. ವಾಲ್ಯೂಮನ್ನು ಪೂರ್ತಿ ತಿರುಗಿಸಿಡಲು ಮಗಳಿಗೆ ಹೇಳಿ ಬಾಗಿಲು ಹಾಕಿದೆ. ಫ್ಯಾನು ಹೊರಗಿನ ಸದ್ದು ಕೇಳಿಸದಷ್ಟು ಭರ್ರೋ ಎನ್ನುತ್ತಿತ್ತು.

ತಂತಿಗಳು ಕತ್ತಿನಿಂದ ಒಂದು ಬೆರಳಿನಷ್ಟು ಮೇಲೆ ನಿಂತಿದ್ದವು. ಒತ್ತಿದರೆ ಬೆರಳು ಕೊಯ್ಯುತ್ತಿತ್ತು, ಸ್ವರ ಮಾತ್ರ ಅಳುತ್ತಿತ್ತು. ಬಿಗಿ ಮಾಡಲು ಹೋದರೆ ಬಾಚಣಿಗೆಯ ಒಂದು ಹಲ್ಲು ಮುರಿಯಿತು, ಹಿಂದೆಯೇ ಒಂದು ತಂತಿ ಟಪ್ಪೆಂದು ಹರಿದು ಕೆನ್ನೆಗೆ ಬಾರಿಸಿತು. ನಾಳೆ ಬೆಳಿಗ್ಗೆ ಕಾರ್ಯಕ್ರಮ. ತಂತಿಗಳ ಕೆಳಗೆ ಪಿಕಪ್ ಎಂಬ ಕರಿಯ ತುಂಡಿದೆ. ತಂತಿಯ ನಡುಕವನ್ನು ಹಿಡಿದು ಆಂಪ್ಲಿಫೈಯರಿಗೆ ದಾಟಿಸುವುದು ಅದರ ಕೆಲಸ. ಅದರ ಸ್ಕ್ರೂ ಸಡಿಲವಾಗಿರಬಹುದೇ ಎಂದು ಮೂಗು ತಾಗುವಷ್ಟು ಬಗ್ಗಿ ನೋಡುತ್ತಾ ನನ್ನಷ್ಟಕ್ಕೆ ಗೊಣಗತೊಡಗಿದೆ.

"ಎಲ್ಲಾ ಭಾವನ ಕೈವಾಡ. ಪಟ್ಟಿ ಎತ್ತಿಕೊಟ್ಟಿದ್ದು ಇವಳೇ. ಅತ್ತೆಗೆ ಕಿವಿ ಕೇಳಿಸಲ್ಲ ಅನ್ನೋದೆಲ್ಲಾ ನಾಟಕ, ಇಡೀ ಸಂಚಿನ ತಲೆ ಅವರೇ. ಮಾಡ್ತೀನಿ ಇರಿ. ಗಿಟಾರ್ ಸೊಗಸಾಗಿದೆ ಅಂತ ಹೇಳಿ ಭಾವನ ಕೈಗೆ ಕೊಡ್ತೀನಿ. ಅವರು ಮುಟ್ಟಿದ ತಕ್ಷಣ, ಅಯ್ಯೋ ತಂತಿ ಹರಿದುಬಿಟ್ರಲ್ಲಾ ಅಂತ ಕೂಗ್ತೀನಿ. ಬಾಚಣಿಗೆ ವಿಷಯ ಬಂದ್ರೆ ಅದನ್ನೂ ಅವರ ತಲೆಗೇ ಕಟ್ಟಿದ್ರಾಯ್ತು."

ಮನಸ್ಸು ಹಗುರಾಯಿತು. ಕೇಬಲ್ ಕಿತ್ತು, ಹರಿದ ತಂತಿಯನ್ನು ಅಂಗೈಯಲ್ಲಿ ಮುಚ್ಚಿಕೊಂಡು, ಮುಖದ ತುಂಬ ನಗೆ ಹೊತ್ತು ಹಾಲ್‌ಗೆ ಬಂದೆ. ಟಿವಿ ಆರಿತ್ತು. ನಾಲ್ವರೂ ಸಾಲಾಗಿ, ಮಿಸುಕಾಡದೆ ಕೂತಿದ್ದರು.

"ಭಾವ, ಗಿಟಾರ್ ಸೊಗಸಾಗಿದೆ. ಒಂದ್ಸಲ ಹಿಡಿದು ನೋಡಿ" ಅಂದೆ.

ಭಾವ ತಮ್ಮ ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿ ಅವುಗಳ ಮೇಲೆ ಕೂತುಬಿಟ್ಟರು.

"ನಾನು ಮುಟ್ಟಲ್ಲಪ್ಪ. ಮುಟ್ಟಿದ್ರೆ ನೀವು ಕೂಗಬೇಕಾಗುತ್ತೆ."

ಅಂಗೈಯಲ್ಲಿದ್ದ ತಂತಿಯನ್ನು ಮೆಲ್ಲಗೆ ಜೇಬಿಗೆ ತುರುಕಿದೆ. ಹೆಂಡತಿ ಕೈ ಚಾಚಿ, ತನ್ನ ಬಾಚಣಿಗೆ ಕೊಡಿ ಎಂದಳು. ಅತ್ತೆ ಮಾತ್ರ ಬಹಳ ಸಂತೋಷದಲ್ಲಿದ್ದರು.

"ಇವತ್ತು ನಂಗೆ ಎಷ್ಟು ಚೆನ್ನಾಗಿ ಕೇಳಿಸ್ತು ಗೊತ್ತಾ? ಒಂದೊಂದು ಮಾತೂ ಬಿಡಿಬಿಡಿಯಾಗಿ."

ಅಗ್ಗದ ಪಿಕಪ್ಪಿನ ಸುರುಳಿ ಸಡಿಲವಾಗಿದ್ದರೆ ಅದು ತಂತಿಯನ್ನಷ್ಟೇ ಅಲ್ಲ, ಹತ್ತಿರ ಆಡಿದ ಮಾತನ್ನೂ ಹಿಡಿದು ಕಳಿಸುತ್ತದೆಯಂತೆ. ಭಾವ ನಗುತ್ತಲೇ ವಿವರಿಸಿದರು. ಆಮೇಲೆ, ನಾನು ಕೂಗುವುದಿಲ್ಲವೆಂದು ಮಗಳಿಂದ ಖಾತರಿ ಪಡೆದು, ಸ್ಕ್ರೂ ಬಿಚ್ಚಿ ಕತ್ತನ್ನು ಎತ್ತಿದರು. ಗೂಡಿನ ಸಂದಿಯಿಂದ ಬಿಳಿ ಪಟ್ಟಿ ಕೆಳಗೆ ಬಿತ್ತು. ಅಲ್ಲಾಡದಿರಲೆಂದು ನಾನೇ ತುರುಕಿದ್ದ ಚೂರು! ಕತ್ತನ್ನು ಓರೆ ಮಾಡಿ ತಂತಿಗಳನ್ನು ಮೇಲಕ್ಕೆತ್ತಿದ್ದೂ ಅದೇ. ನಾಲ್ವರೂ ಪಟ್ಟಿಯನ್ನು ನೋಡಿ, ಆಮೇಲೆ ನನ್ನನ್ನು ನೋಡಿದರು.

ಒಂದು ಗಂಟೆಯೊಳಗೆ ಭಾವ ಪಟ್ಟಿ ಕೂರಿಸಿ, ಹೊಸ ತಂತಿ ಹಾಕಿ, ಶ್ರುತಿ ಮಾಡಿ ಕೊಟ್ಟರು. ಮಗಳು ನುಡಿಸಿದಳು. ನಿಜಕ್ಕೂ ಇಂಪಾಗಿತ್ತು. ನನ್ನ ಕಣ್ಣು ಒದ್ದೆಯಾದದ್ದನ್ನು ಬೆಸುಗೆಯ ಹೊಗೆಯ ಮೇಲೆ ಹಾಕಿದೆ. ಪಿಕಪ್ಪನ್ನು ಕರಗಿದ ಮೇಣದಲ್ಲಿ ಅದ್ದಿದರೆ ಅದು ಮಾತು ಕದಿಯುವುದನ್ನು ಬಿಡುತ್ತದೆ, ಈಗಲೇ ಮಾಡಿಬಿಡೋಣ ಎಂದರು ಭಾವ. ಕೇಳಿದಿರಾ? ಸರಿಯಾಗಿ ನುಡಿಯುತ್ತಿರುವ ಗಿಟಾರಿನ ಕರುಳು ಕಿತ್ತು ಬಿಸಿ ಮೇಣದಲ್ಲಿ ಮುಳುಗಿಸುವುದಂತೆ! ಕರಿಯ ಚೀಲದ ಗಿಟಾರ್ ಇನ್ನೂ ಮೂಲೆಯಲ್ಲೇ ನಿಂತಿತ್ತು. ಅಷ್ಟಕ್ಕೆಲ್ಲ ಬೀಳುವವನಲ್ಲ ನಾನು. ಬೇಡ ಎಂದೆ.

ಶನಿವಾರ ಶಾಲೆಯ ಸಭಾಂಗಣ ತುಂಬಿತ್ತು. "ತಂದೆಯೇ ಕೈಯಾರೆ ತಯಾರಿಸಿದ ಗಿಟಾರ್" ಎಂದು ಟೀಚರು ಹೇಳಿದ ಕೂಡಲೇ ಚಪ್ಪಾಳೆ ಮೊಳಗಿತು. ನಾನು ಎದೆಯುಬ್ಬಿಸಿ ವೇದಿಕೆ ಹತ್ತಿ, ಮಗಳ ಹೆಗಲಿಗೆ ಗಿಟಾರ್ ಏರಿಸಿ, ಕೇಬಲ್ ಸಿಕ್ಕಿಸಿದೆ. ಬೆಲ್ಟು ಸರಿಪಡಿಸಲು ಬಗ್ಗಿದವನು ಮೆಲ್ಲಗೆ ಹೇಳಿದೆ:

"ಯಾರಾದ್ರೂ ಕೇಳಿದ್ರೆ ಮಾಮ ರಿಪೇರಿ ಮಾಡಿದ್ದು ಅಂತ ಹೇಳ್ಬೇಡ. ಪೂರ್ತಿ ನಮ್ಮಪ್ಪನೇ ಮಾಡಿದ್ದು ಅನ್ನು."

ಸಭಾಂಗಣದ ನಾಲ್ಕೂ ಮೂಲೆಯ ಸ್ಪೀಕರುಗಳು ನನ್ನ ಪಿಸುಮಾತನ್ನು ಒಂದಕ್ಷರವೂ ಬಿಡದೆ ಸಾರಿದವು. ಚಪ್ಪಾಳೆ ನಿಂತಿತು. ಮೂರನೆಯ ಸಾಲಿನಲ್ಲಿ ಭಾವ ಮತ್ತೆ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡರು. ಅವರ ಪಕ್ಕದಲ್ಲಿ ಅತ್ತೆ, ಎಲ್ಲವೂ ಕೇಳಿಸಿತು ಎಂಬಂತೆ ಸಂತೋಷದಿಂದ ತಲೆಯಾಡಿಸುತ್ತಿದ್ದರು. ಮಗಳು ತಾನೂ ಗಿಟಾರಿನ ಮೇಲೆ ಬಗ್ಗಿ, ಅಷ್ಟೇ ಮೆಲ್ಲಗೆ ಉತ್ತರ ಕೊಟ್ಟಳು:

"ಇನ್ಮೇಲೆ ಯಾರೂ ಕೇಳಲ್ಲ ಬಿಡಪ್ಪ. ಎಲ್ರಿಗೂ ಗೊತ್ತಾಯ್ತು."