ಬಾದಶಾನ ಎದೆಬಡಿತ

ಶಹಾಪುರದಲ್ಲಿ ನನ್ನದೊಂದು ಗಡಿಯಾರ ರಿಪೇರಿ ಅಂಗಡಿ. ಗಡಿಯಾರ ತಪ್ಪು ನಡೆಯುತ್ತಿದ್ದರೆ ಮುಚ್ಚಳ ತೆಗೆಯದೆ, ಬರೀ ಕಿವಿಯಿಂದ ಹೇಳಬಲ್ಲೆ. ಇಂಥ ಕಿವಿಗೆ ನಾಯಿಯ ಹೃದಯ ಯಾವ ಲೆಕ್ಕ ಎಂದುಕೊಂಡಿದ್ದೆ.

ನಮ್ಮ ನಾಯಿ ಬಾದಶಾ ಒಂದು ಬೆಳಗ್ಗೆ ಓಣಿಯಲ್ಲಿ ಹಂದಿಯನ್ನು ಅಟ್ಟಿಸಿಕೊಂಡು ಹೋದವನು ನಡುದಾರಿಯಲ್ಲಿ ಧೊಪ್ಪನೆ ಬಿದ್ದ. ಹಂದಿಗೇ ಆಶ್ಚರ್ಯವಾಯಿತು. ಸ್ವಲ್ಪ ಹೊತ್ತಿಗೆ ತಾನೇ ಎದ್ದು, ಏನೂ ಆಗದವನಂತೆ ಬಾಲ ಅಲ್ಲಾಡಿಸುತ್ತ ಮನೆಗೆ ಬಂದ. ನಾನು ಅವನ ಎದೆಗೆ ಕಿವಿಯಿಟ್ಟೆ. ಬಡಿತ ಒಮ್ಮೆ ಬೇಗ, ಒಮ್ಮೆ ತಡ. ನಡುವೆ ಅಂತರ. ಕೂಡಲೇ ತೀರ್ಪು ಕೊಟ್ಟೆ: ಇವನ ಹೃದಯ ಕೆಟ್ಟಿದೆ, ಇಸಿಜಿ ಆಗಲೇಬೇಕು.

ಪಕ್ಕದ ಮನೆಯ ಬಸಣ್ಣ ಬಿಸಿಲಿನ ಝಳ ಎಂದ, ಮಜ್ಜಿಗೆ ಕುಡಿಸಲು ಹೇಳಿದ. ನಾಯಿಗೆ ಇಸಿಜಿ ಮಾಡಿಸುವವನನ್ನು ನೋಡಲೆಂದೇ ಓಣಿಯವರು ಕಟ್ಟೆಯ ಮೇಲೆ ಬಂದು ಕುಳಿತರು. ನಕ್ಕಷ್ಟೂ ನನ್ನ ಹಟ ಗಟ್ಟಿಯಾಯಿತು.

ಮೊದಲು ಹೋದದ್ದು ಮನುಷ್ಯರ ಇಸಿಜಿ ತೆಗೆಯುವ ಕಡೆಗೆ. ಹೃದಯ ಎಂದರೆ ಹೃದಯ, ಯಂತ್ರಕ್ಕೇನು ಭೇದ ಎಂಬುದು ನನ್ನ ವಾದ. ಅಲ್ಲಿ ಕುಳಿತಿದ್ದ ರೋಗಿಗಳು ಬಾದಶಾನನ್ನು ಕಂಡು ಬೆಂಚಿನ ಮೇಲೆ ಹತ್ತಿ ನಿಂತರು. ಅವರೆಲ್ಲರ ಎದೆಬಡಿತ ಹೆಚ್ಚಿಸಿದ ಕೀರ್ತಿ ಹೊತ್ತು ಹೊರಗೆ ಬಂದೆ.

ಸುರಪುರದ ಪಶುವೈದ್ಯೆಯೊಬ್ಬರ ಹತ್ತಿರ ಯಂತ್ರವಿದೆ ಎಂದು ತಿಳಿಯಿತು. ಬಾದಶಾನನ್ನೂ ಹೆಂಡತಿ ಮಹಾದೇವಿಯನ್ನೂ ಟಂಟಂ ಹತ್ತಿಸಿ ಹೊರಟೆ. ಡಾಕ್ಟರಮ್ಮನ ಮುಂದೆ ಬಡಿತದ ಅಂತರದ ಬಗ್ಗೆ, ಗಡಿಯಾರದ ಮುಳ್ಳು, ಸ್ಪ್ರಿಂಗು, ಹಲ್ಲಿನ ಚಕ್ರಗಳ ಸಮೇತ ಸುದೀರ್ಘ ಉಪನ್ಯಾಸ ಕೊಟ್ಟೆ. ಅವರು ತಾಳ್ಮೆಯಿಂದ ಕೇಳಿ, ಬಾದಶಾನನ್ನು ಬಲ ಮಗ್ಗುಲಿಗೆ ಮಲಗಿಸಿ, ನಾಲ್ಕು ಕಾಲಿಗೂ ಸ್ಪಿರಿಟ್ ಹಚ್ಚಿ ಕ್ಲಿಪ್ ಹಾಕಿದರು.

ಕಾಗದದ ಮೇಲೆ ಸುರಪುರದ ಗುಡ್ಡಗಳೆಲ್ಲ ಸಾಲಾಗಿ ಮೂಡಿದವು. ನೋಡಿದೆಯಾ ಎಂಬಂತೆ ಮಹಾದೇವಿಯ ಕಡೆ ತಿರುಗಿದೆ. ಡಾಕ್ಟರಮ್ಮ ನಾಯಿಯ ಕಾಲು ಹಿಡಿದಿದ್ದ ನನ್ನ ಕೈ ನೋಡಿದರು. ಅದು ಗಡಗಡ ನಡುಗುತ್ತಿತ್ತು. ಗುಡ್ಡಗಳು ನನ್ನವು! ನನ್ನನ್ನು ಬದಿಗೆ ನಿಲ್ಲಿಸಿ ಮಹಾದೇವಿಗೆ ಹಿಡಿಯಲು ಹೇಳಿದರು. ಗೆರೆ ತಿಳಿಯಾಯಿತು. ಆದರೂ ಬಡಿತಗಳ ನಡುವಿನ ಅಂತರ ಸಮ ಇರಲಿಲ್ಲ. ನಾನು ಮತ್ತೆ ಎದೆಯುಬ್ಬಿಸಿದೆ.

“ಉಸಿರು ಒಳಗ ತಗೊಂಡಾಗ ಜಲ್ದಿ, ಹೊರಗ ಬಿಟ್ಟಾಗ ನಿಧಾನ. ನಾಯಿಗೋಳಿಗೆ ಇದು ಸಹಜ. ನಾಯಿ ಅಂದ್ರ ಗಡಿಯಾರ ಅಲ್ರಿ,” ಎಂದರು ಅವರು.

ಮಹಾದೇವಿ ಆಗಲೇ ಚಪ್ಪಲಿ ಮೆಟ್ಟಿಕೊಳ್ಳತೊಡಗಿದ್ದಳು. ನಾನು ಮಾತ್ರ ಮೇಜು ಬಿಟ್ಟು ಕದಲಲಿಲ್ಲ.

“ಹಂಗಾದ್ರ ಓಡಾಕತ್ತಿದ್ದಾಂವ ಧೊಪ್ಪಂತ ಬಿದ್ದಿದ್ದು ಯಾಕ್ರಿ?”

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. “ಬಿದ್ದಿದ್ನಾ? ಇದನ್ನ ಯಾವಾಗ ಹೇಳಾವರಿದ್ರಿ?”

ಸ್ಪ್ರಿಂಗಿನವರೆಗೆ ಎಲ್ಲ ಹೇಳಿದ್ದೆ. ಬಿದ್ದದ್ದೊಂದನ್ನು ಬಿಟ್ಟಿದ್ದೆ. ಮಹಾದೇವಿ ನನ್ನನ್ನು ನೋಡಿದ ನೋಟಕ್ಕೆ ಯಾವ ಯಂತ್ರವೂ ಗೆರೆ ಎಳೆಯಲಾರದು.

ಬಾದಶಾನನ್ನು ಆವರಣದಲ್ಲಿ ಮೆಲ್ಲಗೆ ನಡೆಸಿ ಮತ್ತೆ ಮಲಗಿಸಿದರು. ಈ ಸಲ ಕಾಗದ ಬಹಳ ಹೊತ್ತು ಓಡಿತು. ಸಣ್ಣ ಗೆರೆಗಳ ನಡುವೆ ಒಮ್ಮೆಲೆ ಅಗಲವಾದ, ಸೊಟ್ಟ ಗೆರೆಯೊಂದು ಹೊತ್ತಿಗೆ ಮುಂಚೆಯೇ ಎದ್ದಿತು. ಆಮೇಲೆ ಖಾಲಿ. ಮತ್ತೆ ಅಂಥದೇ ಇನ್ನೊಂದು. ಈ ಸಲ ಕಾಲು ಹಿಡಿದಿದ್ದವಳು ಮಹಾದೇವಿ, ನಡುಕದ ನೆಪವಿರಲಿಲ್ಲ. ಡಾಕ್ಟರಮ್ಮ ಆ ಗೆರೆಗಳ ಮೇಲೆ ಬೆರಳಿಟ್ಟರು. ನಾನು ಗೆದ್ದಿದ್ದೆ. ಬಾದಶಾ ಮೇಜಿನ ಮೇಲಿಂದ ನನ್ನನ್ನೇ ನೋಡುತ್ತಿದ್ದ. ಸೋತಿದ್ದರೆ ಚೆನ್ನಾಗಿತ್ತು ಎನ್ನಿಸಿತು.

ಇದು ಸಹಜವಲ್ಲದ ಬಡಿತ, ಆದರೆ ಹೊತ್ತಿಗೆ ಸರಿಯಾಗಿ ಸಿಕ್ಕಿದೆ ಎಂದು ಅವರು ಧೈರ್ಯ ಹೇಳಿದರು. ಗುಳಿಗೆ ಬರೆದರು, ದೊಡ್ಡ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿಸಲು ಹೇಳಿದರು. ಗುಳಿಗೆ ಗುಣ ಕೊಟ್ಟಿದೆ, ಬಾದಶಾ ಆಮೇಲೆ ಬಿದ್ದಿಲ್ಲ. ಮಜ್ಜಿಗೆಯ ಬಸಣ್ಣ ಈಗ ತನ್ನ ಎಮ್ಮೆಯ ಎದೆ ಕೇಳಲು ನನ್ನನ್ನು ಕರೆಯುತ್ತಾನೆ. ನಾನು ಹೋಗುವುದಿಲ್ಲ.

ಅಂದು ಹೊರಡುವಾಗ ಡಾಕ್ಟರಮ್ಮ ಇನ್ನೊಂದು ಮಾತು ಹೇಳಿದ್ದರು, ನಾಯಿಗೆ ಹುರುಪು ಬರುವಂಥದ್ದು ಯಾವುದೂ ಹತ್ತಿರ ಸುಳಿಯಬಾರದು ಎಂದು. ಮಹಾದೇವಿ ನನ್ನ ಕಡೆ ಕೈ ತೋರಿಸಿ ಬಹಳ ಚಿಂತೆಯಿಂದ ಕೇಳಿದಳು: “ಹಂಗಾದ್ರ ಇವರನ್ನ ಎಲ್ಲಿ ಇಡ್ಬೇಕ್ರಿ?”

ಹೀಗಾಗಿ ಈಗ ನಾನು ಅಂಗಡಿಯಿಂದ ಬಂದರೆ ಚಪ್ಪಲಿ ಕೈಯಲ್ಲಿ ಹಿಡಿದು, ಹಿತ್ತಿಲ ಬಾಗಿಲಿನಿಂದ ಕಳ್ಳನ ಹಾಗೆ ಒಳಗೆ ಹೋಗುತ್ತೇನೆ. ಆದರೂ ಯಾರು ಕೇಳಿದರೂ ತಲೆಯೆತ್ತಿ ಹೇಳುತ್ತೇನೆ: ಆ ರೋಗ ಕಂಡುಹಿಡಿದವನು ನಾನೇ. ಮೆಲ್ಲಗೆ ಹೇಳುತ್ತೇನೆ, ಅಷ್ಟೇ. ಜೋರಾಗಿ ಹೇಳಿದರೆ ಬಾದಶಾ ಕುಣಿಯುತ್ತ ಬರುತ್ತಾನೆ, ಅವನ ಹಿಂದೆಯೇ ಮಹಾದೇವಿ ಬರುತ್ತಾಳೆ.