ಮಗಳ ಗಂಟಲಿಗೆ ಕುದುರೆ ಕೂದಲು

ಆಸ್ಪತ್ರೆ ಅಂದರೆ ಬರೀ ಅಳೋ ಜಾಗ ಅಂತ ಯಾರು ಹೇಳಿದರೋ! ಮಗಳನ್ನು ಕಟ್ಟಿಕೊಂಡು ಅಮೃತಹಳ್ಳಿಯಿಂದ ಹೆಬ್ಬಾಳದ ಆಸ್ಪತ್ರೆಗೆ ಅಲೆದ ಆ ವರ್ಷಗಳಲ್ಲಿ ನಗೋ ಪ್ರಸಂಗಕ್ಕೇನೂ ಬರವಿರಲಿಲ್ಲ. ಅವಳ ಗಂಟಲಲ್ಲಿ, ಉಸಿರೂ ಧ್ವನಿಯೂ ಹೊರಡೋ ದಾರಿಯಲ್ಲೇ, ನರಹುಲಿಯಂಥ ಗಂಟುಗಳು ಬೆಳೆಯುತ್ತಿದ್ದವು. ಕ್ಯಾನ್ಸರ್ ಅಲ್ಲ, ಆದರೆ ಲೇಸರ್‌ನಲ್ಲಿ ಸುಟ್ಟರೂ ಮತ್ತೆ ಬರುತ್ತಿದ್ದವು. ಉಸಿರು ಸುಂಯ್‌ಗುಟ್ಟಿದರೆ ಬ್ಯಾಗ್ ಕಟ್ಟಬೇಕು. ಅವಳು ಜೋರಾಗಿ ಕೂಗಿದ್ದನ್ನು ನಾನು ಕೇಳಿರಲೇ ಇಲ್ಲ.

ಪಿಸುಪಿಸು ಮನೆ

ಮಗಳು ಪಿಸುಗುಟ್ಟುತ್ತಾಳೆ ಅಂತ ನಮಗೂ ಅದೇ ಅಭ್ಯಾಸವಾಗಿಬಿಟ್ಟಿತ್ತು. ಒಂದು ದಿನ ಸಿಲಿಂಡರ್ ತಂದವನಿಗೆ "ಒಳಗಿಡಪ್ಪಾ" ಎಂದು ಪಿಸುಗುಟ್ಟಿದೆ. "ಖಾಲಿದು ಹಿಂದ್ಗಡೆ ಇದೆ" ಎಂದು ನಮ್ಮ ಯಜಮಾನರೂ ಪಿಸುಗುಟ್ಟಿದರು. ಅವನು ಸಿಲಿಂಡರನ್ನು ಸದ್ದಾಗದಂತೆ ಇಳಿಸಿ, ಚಪ್ಪಲಿ ಬಿಟ್ಟು, ಕೈಕಟ್ಟಿ ನಿಂತು ಮೆಲ್ಲಗೆ ಕೇಳಿದ: "ಬಾಡಿ ಎಷ್ಟೊತ್ತಿಗೆ ಎತ್ತುತಾರೆ ಅಕ್ಕಾ?"

ಅತ್ತೆಯ ವೈದ್ಯ

ನಮ್ಮತ್ತೆ ಅಮೃತಹಳ್ಳಿ ನಿಜವಾಗಿ ಹಳ್ಳಿಯಾಗಿದ್ದ ಕಾಲದವರು. ನರಹುಲಿಗೆ ಕುದುರೆ ಬಾಲದ ಕೂದಲು ಬಿಗಿದು ಕಟ್ಟಿದರೆ ತಾನಾಗಿ ಉದುರುತ್ತದೆ ಅನ್ನೋದು ಅವರ ನಂಬಿಕೆ. ಮದುವೆ ಮೆರವಣಿಗೆಯ ಕುದುರೆಯವನನ್ನು ಕಾಡಿ ಬೇಡಿ ಒಂದು ಕೂದಲು ತಂದು ಡಾಕ್ಟರ ಮೇಜಿನ ಮೇಲಿಟ್ಟರು.

"ಸುಟ್ರೆ ಇಂಗೇ ಮತ್ತೆ ಬತ್ತದೆ ಸ್ವಾಮಿ. ಇದನ್ನ ಕಟ್ಬುಡಿ."

ಡಾಕ್ಟರು ಪುಣ್ಯಾತ್ಮರು, ನಗಲಿಲ್ಲ. "ಗಂಟಲೊಳಗೆ ಹೆಂಗೆ ಕಟ್ಟೋದು ಅಜ್ಜಿ?"

ಅತ್ತೆ ಅವರನ್ನೇ ದಿಟ್ಟಿಸಿದರು. "ಅದುಕ್ಕೇ ಅಲ್ವಾ ನೀವು ಓದಿರಾದು?"

ಮಿಸ್ ಹೇಳಿದ ದೂರು

ಮುಂದಿನ ಆಪರೇಷನ್ ಆದ ಮೇಲೆ ಡಾಕ್ಟರು, "ಈ ಸಲ ಧ್ವನಿ ಬಂದ್ರೂ ಬರಬಹುದು" ಅಂದಿದ್ದರು. ಮನೆಯಲ್ಲಿ ನೋಡಿದರೆ ನಮ್ಮ ಜೊತೆ ಮಗಳೂ ಪಿಸುಗುಟ್ಟುತ್ತಲೇ ಇದ್ದಳು. ಇದೂ ನೀರಲ್ಲಿ ಹೋಮ ಅಂತ ಮರೆಯಲ್ಲಿ ಕಣ್ಣೊರೆಸಿಕೊಂಡಿದ್ದೆ. ಅಷ್ಟರಲ್ಲಿ ಶಾಲೆಗೆ ಹೊಸದಾಗಿ ಬಂದ ಮಿಸ್ ಫೋನ್ ಮಾಡಿದರು.

"ನಿಮ್ಮ ಮಗಳು ಕ್ಲಾಸಲ್ಲಿ ಬಾಯೇ ಮುಚ್ಚಲ್ಲ. ಕೊನೇ ಬೆಂಚಿಂದ ಕೂಗ್ತಾಳೆ. ನಾಳೆ ಬನ್ನಿ."

ಮಾರನೆಯ ದಿನ ನಾವಿಬ್ಬರೂ ಮೈಸೂರ್ ಪಾಕ್ ಡಬ್ಬ ಹಿಡಿದು ಹೋದೆವು. ಕ್ಲಾಸ್ ಬಾಗಿಲಲ್ಲೇ ಮಿಸ್ ಡಬ್ಬ ನೋಡಿದರು, ನಮ್ಮನ್ನು ನೋಡಿದರು. "ಗಲಾಟೆ ಮಾಡಿದ್ದಕ್ಕೆ ಸ್ವೀಟಾ? ನಾಳೆ ಹೊಡೆದಾಡಿದ್ರೆ ಏನ್ ತರ್ತೀರಾ ಸಾರ್?"

ಯಜಮಾನರು ಬಾಯಿ ತೆರೆಯುವಷ್ಟರಲ್ಲಿ ಕೊನೇ ಬೆಂಚಿಂದ ಶಾಲೆಯೇ ನಡುಗುವಂತೆ ಕೂಗು ಬಂತು: "ಅಪ್ಪಾ! ನಂಗೆ ತಂದಿಲ್ವಾ?"

ಮಿಸ್ ಕಿವಿ ಮುಚ್ಚಿಕೊಂಡರು. ನನಗೆ ಅಳುವೂ ನಗುವೂ ಒಟ್ಟಿಗೇ ಬಂತು. ಯಜಮಾನರು ಕಣ್ಣೊರೆಸಿಕೊಂಡು ಹೇಳಿದರು:

"ಕೇಳಿಸ್ಲಿಲ್ಲ ಪುಟ್ಟಾ, ಇನ್ನೊಂದ್ಸಲ ಕೂಗು!"