ಒಂದು ವೋಲ್ಟಿಗಾಗಿ ಇಷ್ಟೆಲ್ಲ

ತಮಾಷೆ ಹುಡುಕಿಕೊಂಡು ನಾನು ಎಲ್ಲಿಗೂ ಹೋಗುವುದಿಲ್ಲ, ತಮಾಷೆಯೇ ಕೆಟ್ಟುಹೋದ ಕಂಪ್ಯೂಟರನ್ನು ಕಂಕುಳಲ್ಲಿಟ್ಟುಕೊಂಡು ನನ್ನ ಅಂಗಡಿಗೆ ಬರ್ತದೆ. ಮೂಡುಬಿದಿರೆ ಪೇಟೆಯಲ್ಲಿ ನನ್ನದು ಸಣ್ಣ ರಿಪೇರಿ ಅಂಗಡಿ. ಕಂಪ್ಯೂಟರಿನೊಳಗಿನ ಬೋರ್ಡನ್ನೇ ಬದಲಿಸಬೇಕು ಅಂತ ಉಳಿದವರು ಕೈಬಿಟ್ಟದ್ದನ್ನು ನಾನು ಬಿಚ್ಚಿ, ಬಿಸಿಗಾಳಿ ಊದಿ, ಹಾಳಾದ ಚಿಪ್ ಒಂದನ್ನೇ ಕಿತ್ತು ಬೇರೆ ಕೂರಿಸುತ್ತೇನೆ. ಅದರಲ್ಲೂ ಪ್ರೊಸೆಸರಿಗೆ ಕರೆಂಟ್ ಅಳೆದು ಕೊಡುವ ಚಿಪ್ ಹಾಳಾಗಿದೆ ಅಂದರೆ ಊಟವನ್ನೂ ಅರ್ಧಕ್ಕೆ ಬಿಟ್ಟು ಏಳುವವಳು ನಾನು.

ಅರ್ಧ ವೋಲ್ಟ್ ಲಾಭ

ಶಿರ್ತಾಡಿಯ ನಿವೃತ್ತ ಮಾಸ್ಟ್ರೊಬ್ಬರು ದಿನಾ ಬೆಳಿಗ್ಗೆ ಕಂಪ್ಯೂಟರಿನ ಜೊತೆ ಚೆಸ್ ಆಡುವವರು. ಒಂದು ದಿನವೂ ಗೆದ್ದದ್ದಿಲ್ಲ. ಕೊನೆಗೊಮ್ಮೆ ಇನ್ನೇನು ಗೆಲ್ಲಬೇಕು ಅನ್ನುವಾಗ ಕಂಪ್ಯೂಟರ್ ಆಫ್ ಆಯಿತು. ಸೋಲು ಒಪ್ಪಿಕೊಳ್ಳಲಿಕ್ಕೆ ಮನಸ್ಸಿಲ್ಲದೆ ಅದು ನಾಟಕ ಮಾಡುತ್ತಿದೆ ಅಂತ ಅವರ ವಾದ.

ನಾನು ಬಿಚ್ಚಿ ತೋರಿಸಿದೆ. ಪವರ್ ಸಪ್ಲೈಯಿಂದ ಬರುವುದು ಹನ್ನೆರಡು ವೋಲ್ಟ್. ಪ್ರೊಸೆಸರಿಗೆ ಬೇಕಾದ್ದು ಬರೀ ಒಂದು. ನಡುವೆ ಈ ಚಿಪ್ ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಸ್ವಿಚ್ ಹಾಕಿ ತೆಗೆದು ಹನ್ನೆರಡನ್ನು ಒಂದಕ್ಕೆ ಇಳಿಸುತ್ತದೆ, ಈಗ ಅದೇ ಸತ್ತಿದೆ, ತರಿಸಬೇಕು ಅಂದೆ. ಮಾಸ್ಟ್ರು ಎಲ್ಲವನ್ನೂ ಗಂಭೀರವಾಗಿ ಕೇಳಿಕೊಂಡು ಹೋದರು.

ಮರುದಿನ ಅಂಗಡಿ ಬಾಗಿಲು ತೆಗೆಯುವ ಮೊದಲೇ ಮೆಟ್ಟಿಲಲ್ಲಿ ಕೂತಿದ್ದರು. ಮುಖದಲ್ಲಿ ಏನೋ ಕಂಡುಹಿಡಿದ ಕಳೆ. ಜೇಬಿನಿಂದ ಗಡಿಯಾರದ ಸೆಲ್ ಒಂದನ್ನು ತೆಗೆದು ನನ್ನ ಅಂಗೈಯಲ್ಲಿಟ್ಟರು.

"ಇದರಲ್ಲಿ ಒಂದೂವರೆ ವೋಲ್ಟ್ ಉಂಟು. ಪ್ರೊಸೆಸರಿಗೆ ಒಂದು ಕೊಡಿ. ಉಳಿದ ಅರ್ಧ ನೀವು ಇಟ್ಟುಕೊಳ್ಳಿ."

ಕಂಪ್ಯೂಟರ್ ತಂಪು

ಕಲ್ಲಡ್ಕದ ಕಡೆಯ ಹೋಟೆಲಿನ ಸಾಹುಕಾರರೊಬ್ಬರದು ಬೇರೆಯೇ ಕಥೆ. ಬೆಳಿಗ್ಗೆ ಜನ ತುಂಬುವ ಹೊತ್ತಿಗೆ ಬಿಲ್ಲಿನ ಕಂಪ್ಯೂಟರ್ ಬಂದ್ ಆಗುವುದು, ಜನ ಕರಗಿದ ಮೇಲೆ ತಾನಾಗಿ ಸರಿಯಾಗುವುದು. ಯಾರೋ ಕಣ್ಣು ಹಾಕಿದ್ದಾರೆ ಅಂತ ಅವರು ಅದಕ್ಕೊಂದು ಲಿಂಬೆಹಣ್ಣು ಕೂಡ ಕಟ್ಟಿದ್ದರು.

ಹೋಗಿ ನೋಡಿದರೆ ಕಂಪ್ಯೂಟರಿನ ಬೆನ್ನಿಗೇ ದೋಸೆಯ ಕಾವಲಿ. ಕರೆಂಟ್ ಕೊಡುವ ಚಿಪ್ಪಿಗೆ ಬುದ್ಧಿ ಉಂಟು, ವಿಪರೀತ ಬಿಸಿಯಾದರೆ ತಾನೇ ಕೆಲಸ ನಿಲ್ಲಿಸಿ ಉಳಿದದ್ದನ್ನು ಕಾಪಾಡುತ್ತದೆ. ಇದನ್ನೊಮ್ಮೆ ತಂಪಿರುವ ಜಾಗಕ್ಕೆ ಸಾಗಿಸಿ ಅಂತ ಹೇಳಿ ಬಂದೆ.

ಸಾಹುಕಾರರು ಚಾಚೂ ತಪ್ಪದೆ ಪಾಲಿಸಿದರು. ಮಜ್ಜಿಗೆ, ಜ್ಯೂಸಿನ ಬಾಟಲಿ ಇಡುವ ಗಾಜಿನ ಬಾಗಿಲಿನ ಫ್ರಿಜ್ಜಿನೊಳಗೆ ಕಂಪ್ಯೂಟರನ್ನೇ ಕೂರಿಸಿ, ಬಾಗಿಲ ಸಂದಿಯಿಂದ ವಯರು ಹೊರಗೆ ಎಳೆದರು. ಎರಡು ದಿನ ಬಿಟ್ಟು ನಾನೇ ಫೋನ್ ಮಾಡಿ ಹೇಗುಂಟು ಅಂತ ವಿಚಾರಿಸಿದೆ.

"ಕಂಪ್ಯೂಟರ್ ಫಸ್ಟ್ ಕ್ಲಾಸ್ ತಂಪಾಗಿ ಉಂಟಕ್ಕ," ಅಂದರು. "ಮಜ್ಜಿಗೆ ಮಾತ್ರ ಬಿಸಿ ಆಗ್ತದೆ."

ಮಂಗನಿಗೆ ಹಾಳಾದದ್ದೇ ಬೇಕು

ಬೆಳ್ತಂಗಡಿಯ ಫೋಟೋ ಸ್ಟುಡಿಯೋದವರೊಬ್ಬರು ಒಂದು ದಿನ ಓಡಿಕೊಂಡು ಬಂದರು. ಮರುದಿನ ಬಂಟ್ವಾಳದಲ್ಲಿ ಮದುವೆ. ಮದುಮಗನ ಬಾಲ್ಯದಿಂದ ಇಲ್ಲಿಯವರೆಗಿನ ಫೋಟೋ ಜೋಡಿಸಿ ಸಿನೆಮಾದ ಹಾಗೆ ಮದುವೆ ಹಾಲಿನ ದೊಡ್ಡ ಪರದೆಯಲ್ಲಿ ತೋರಿಸುತ್ತೇನೆ ಅಂತ ಇವರು ಮಾತು ಕೊಟ್ಟಾಗಿದೆ, ಎಡಿಟಿಂಗ್ ಕಂಪ್ಯೂಟರ್ ಸತ್ತಿದೆ.

ಪರೀಕ್ಷಿಸಿದರೆ ಹೋದದ್ದು ನನ್ನ ಪ್ರೀತಿಯ ಅದೇ ಚಿಪ್. ತರಿಸಲಿಕ್ಕೆ ವಾರ ಬೇಕು. ಆಗ ಮಿಂಚಿನ ಹಾಗೆ ನೆನಪಾಯಿತು: ಅದೇ ಜಾತಿಯ, ಚಿಪ್ ಸರಿಯಿದ್ದು ಬೇರೇನೋ ಹಾಳಾದ ಹಳೆಯ ಬೋರ್ಡೊಂದನ್ನು ನೆರಿಯ ಊರಿನ ಬಾಳೆ ಕೃಷಿಕರೊಬ್ಬರಿಗೆ ಕೊಟ್ಟಿದ್ದೆ. ಬಿಸಿಲಿಗೆ ಮಿನುಗುವ ಬೋರ್ಡ್ ಕಂಡರೆ ಮಂಗಗಳು ಹೆದರುತ್ತವೆ ಅಂತ ಅವರು ಅದನ್ನು ಬಾಳೆಗೊನೆಗಳ ನಡುವೆ ನೇತು ಹಾಕಿದ್ದರು.

ಸ್ಟುಡಿಯೋದವರ ಬೈಕಿನಲ್ಲಿ ಹೊರಟೆವು. ಬೋರ್ಡ್ ಇನ್ನೂ ತೂಗಾಡುತ್ತಿತ್ತು, ಚಿಪ್ಪಿಗೆ ತುಕ್ಕು ಹಿಡಿದಿರಲಿಲ್ಲ. ನನಗೆ ಕುಣಿಯುವಷ್ಟು ಖುಷಿ. ಬದಲಿಗೆ ಬೇರೊಂದು ಬೋರ್ಡ್ ಕೊಡುತ್ತೇನೆ, ಬೇಕಾದರೆ ಚೆನ್ನಾಗಿರುವುದನ್ನೇ ಕೊಡುತ್ತೇನೆ ಅಂದೆ.

ಕೃಷಿಕರು ಕೂಡಲೇ ತಲೆ ಅಲ್ಲಾಡಿಸಿದರು. "ಬೇಡ ಅಕ್ಕ, ಹಾಳಾದದ್ದೇ ಕೊಡಿ. ಒಳ್ಳೇದು ಕೊಟ್ಟರೆ ಮಂಗಗಳು ಕೊಂಡುಹೋಗಿ ಉಪಯೋಗಿಸಿಯಾವು."

ಜೀವ ಬಂತು

ಅಂಗಡಿಗೆ ಮರಳಿ ಮಾಸ್ಕ್, ಗ್ಲೌಸ್ ಹಾಕಿ, ಹಣೆಗೆ ದೀಪ ಕಟ್ಟಿಕೊಂಡು ಕೂತೆ. ಸುಮ್ಮನೆ ಕೂರಲಾಗದ ಸ್ಟುಡಿಯೋದವರು ನೆನಪಿಗಿರಲಿ ಅಂತ ಮೊಬೈಲಿನಲ್ಲಿ ನನ್ನ ವಿಡಿಯೋ ತೆಗೆಯುತ್ತಿದ್ದರು. ಬಿಸಿಗಾಳಿ ಊದಿದಾಗ ಬೋರ್ಡಿನಿಂದ ಹೊಗೆ ಎದ್ದಿತು. ಚಿಮಟದಲ್ಲಿ ಹಳೆ ಚಿಪ್ ಎತ್ತಿ ನೆರಿಯದ್ದನ್ನು ಕೂರಿಸಿ ಸ್ವಿಚ್ ಹಾಕಿದೆ. ಫ್ಯಾನ್ ತಿರುಗಿತು. ಮೀಟರಿನಲ್ಲಿ ಒಂದು ವೋಲ್ಟ್, ಅಲುಗಾಡದೆ ನಿಂತಿತು. ನಾನು ಎದ್ದು ನಿಂತು ಎರಡೂ ಕೈ ಮೇಲೆತ್ತಿ "ಬಂತು, ಜೀವ ಬಂತು!" ಅಂತ ಕೂಗಿಬಿಟ್ಟೆ.

ಮದುವೆಗೆ ನನ್ನನ್ನೂ ಕರೆದರು, ಕಂಪ್ಯೂಟರ್ ಕೈಕೊಟ್ಟರೆ ಇರಲಿ ಅಂತ. ಹಾಲಿನಲ್ಲಿ ದೀಪ ಆರಿಸಿ ಪರದೆ ಬೆಳಗಿಸಿದರು. ಮೊದಲು ಮದುಮಗನ ಅಪ್ಪ ಅಮ್ಮನ ಮದುವೆ ಫೋಟೋ. ಅದಾದ ಮೇಲೆ ಪರದೆ ತುಂಬ ನಾನು! ಅವಸರದಲ್ಲಿ ಸ್ಟುಡಿಯೋದವರು ಮೊಬೈಲಿನಲ್ಲಿದ್ದದ್ದನ್ನೆಲ್ಲ ಒಟ್ಟಿಗೆ ಸುರಿದು ಜೋಡಿಸಿದ್ದರು. ಮಾಸ್ಕ್, ಗ್ಲೌಸ್, ಹಣೆಯಲ್ಲಿ ದೀಪ, ಕೈಯಲ್ಲಿ ಚಿಮಟ, ಸುತ್ತ ಹೊಗೆ. "ಬಂತು, ಜೀವ ಬಂತು!" ಅಂತ ಹಾಲಿಡೀ ಮೊಳಗಿತು. ಮುಂದಿನ ಕ್ಷಣಕ್ಕೆ ಬಿಳಿ ಬಟ್ಟೆಯಲ್ಲಿ ಸುತ್ತಿದ, ಬಾಯಿ ಬಿಟ್ಟು ಅಳುವ ಎಳೆ ಮದುಮಗ. ಜನ ಚಪ್ಪಾಳೆಯೋ ಚಪ್ಪಾಳೆ.

ನಾನು ತಲೆ ತಗ್ಗಿಸಿ ಊಟದ ಪಂಕ್ತಿಯ ಮೂಲೆಯಲ್ಲಿ ಕೂತೆ. ಮದುಮಗಳ ಅಜ್ಜಿ ಸ್ಟುಡಿಯೋದವರಲ್ಲಿ ಕೇಳಿ ಹುಡುಕಿಕೊಂಡು ಬಂದು ಪಕ್ಕದಲ್ಲೇ ಕೂತರು. ಪರದೆಯಲ್ಲಿ ಕಂಡದ್ದು ನೀವೇ ಅಲ್ವಾ, ಪ್ರಾಯವೇ ಆದ ಹಾಗೆ ಕಾಣುವುದಿಲ್ಲ, ನಿಮ್ಮ ಕೈಗುಣ ಒಳ್ಳೆಯದು, ಹುಡುಗ ಗಟ್ಟಿಮುಟ್ಟಾಗಿದ್ದಾನೆ ಅಂತ ನನ್ನ ಕೈ ಹಿಡಿದು ಹೊಗಳಿದರು. ನಾನು ಬಾಯಿ ತೆರೆಯುವ ಮೊದಲೇ ಕಿವಿಯ ಹತ್ತಿರ ಬಾಗಿ ಮೆಲ್ಲಗೆ ಕೇಳಿದರು:

"ಎಲ್ಲ ಸರಿ ಡಾಕ್ಟ್ರೇ, ಮಗು ಬರುವಾಗ ಅಷ್ಟು ಹೊಗೆ ಯಾಕೆ ಬಂತು?"